ಕೈ ಇಳಿಬಿಟ್ಟು ನಿಂತವನು

“ಏನ್ಲಾ ಇವ್ನು, ಕೈ ಇಳಿಬಿಟ್ಕೊಂಡು ನಿಂತವ್ನೆ? ಹೊಡಿಸ್ಕಳಕ್ಕೇ ಬಂದವ್ನಾ?”

ದೊಡ್ಡಪ್ಪ ಟಿವಿ ಮುಂದೆ ಕೂತು ಕೇಳಿದ ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಆಗ ಪಿಯುಸಿ ಓದುತ್ತಿದ್ದೆ. ಮೈಸೂರಿನ ನಮ್ಮ ಕೇರಿಗೆ ಕೇಬಲ್ ಬಂದು ಎರಡು ಮೂರು ವರ್ಷ ಆಗಿತ್ತು. ಸ್ಪೋರ್ಟ್ಸ್ ಚಾನೆಲ್‌ನಲ್ಲಿ ರಾತ್ರಿ ಹೊತ್ತು ಹಳೇ ಬಾಕ್ಸಿಂಗ್ ಪಂದ್ಯ ಹಾಕುತ್ತಿದ್ದರು. ಚಿರತೆ ಚುಕ್ಕಿಯ ಚಡ್ಡಿ ತೊಟ್ಟ ಒಬ್ಬ ಕುಳ್ಳ ಹುಡುಗ ಮೇಲಿನ ಹಗ್ಗ ಹಿಡಿದು, ಪಲ್ಟಿ ಹೊಡೆದು ರಿಂಗಿನೊಳಗೆ ಇಳಿದ. ಗಂಟೆ ಬಾರಿಸಿದ ಮೇಲೆ ಎರಡೂ ಕೈ ಸೊಂಟದ ಹತ್ತಿರ ಇಳಿಬಿಟ್ಟು, ಗಲ್ಲ ಮುಂದೆ ಚಾಚಿ, ಹಲ್ಲು ಕಿರಿಯುತ್ತಾ ನಿಂತ.

ಅವನು ಇಂಗ್ಲೆಂಡಿನ ಬಾಕ್ಸರ್ ನಸೀಮ್ ಹಮೀದ್. ಜನರ ಬಾಯಲ್ಲಿ ಪ್ರಿನ್ಸ್ ನಸೀಮ್. ಇನ್ನೂ ಚಿಕ್ಕದಾಗಿ ನಾಜ್.

ನನಗೆ ಆ ಕ್ಷಣಕ್ಕೇ ಅವನು ಹಿಡಿಸಿಬಿಟ್ಟ. ದೊಡ್ಡಪ್ಪನಿಗೆ ಆ ಕ್ಷಣಕ್ಕೇ ಅವನನ್ನು ಕಂಡರೆ ಆಗಲಿಲ್ಲ. ಇಪ್ಪತ್ತೈದು ವರ್ಷದ ಮೇಲಾಯಿತು. ಆ ಎರಡೂ ಭಾವನೆ ಈಗ ನನ್ನೊಬ್ಬನ ಒಳಗೇ ಇವೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ದೊಡ್ಡಪ್ಪ ಗರಡಿಯವರು. ವಯಸ್ಸಿನಲ್ಲಿ ಊರೂರು ಸುತ್ತಿ ಕುಸ್ತಿ ಹಿಡಿದವರು. ಅರವತ್ತು ದಾಟಿದ ಮೇಲೂ ಬೆಳಗಿನ ಜಾವ ಎದ್ದು ನಮ್ಮ ಕೇರಿಯ ಗರಡಿಗೆ ಹೋಗಿ ಹುಡುಗರಿಗೆ ತಾಲೀಮು ಕೊಡಿಸುತ್ತಿದ್ದರು. ಅಲ್ಲಿನ ರೀತಿ ರಿವಾಜು ಮೈಸೂರಿನವರಿಗೆ ಹೊಸದಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಆಂಜನೇಯನಿಗೆ ಕೈ ಮುಗಿಯಬೇಕು. ಮಟ್ಟಿಗೆ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣಕ್ಕೆ, ಇಳಿಯುವ ಮೊದಲು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಉಸ್ತಾದರು ಬಂದರೆ ಎದ್ದು ನಿಲ್ಲಬೇಕು. ಎದುರಿನವನ ಜೊತೆ ಕೈ ಕೂಡಿಸಿಯೇ ಪಟ್ಟು ಹಾಕಬೇಕು. ಇದರಲ್ಲಿ ಒಂದನ್ನು ಬಿಟ್ಟರೂ ಅವತ್ತು ಅವನಿಗೆ ಮಟ್ಟಿ ಇಲ್ಲ.

ಇಂಥ ಮನುಷ್ಯನ ಕಣ್ಣಿಗೆ ನಾಜ್ ಹೇಗೆ ಕಂಡಿರಬಹುದು ಹೇಳಿ. ಹೊಗೆ, ಬಣ್ಣದ ಬೆಳಕು, ಕಿವಿ ಒಡೆಯುವ ಹಾಡು. ರಿಂಗಿಗೆ ಬರುವುದಕ್ಕೇ ಹತ್ತು ನಿಮಿಷ ಕುಣಿತ. ಎದುರಾಳಿ ಅಲ್ಲಿ ಮೈ ತಣ್ಣಗಾಗುವವರೆಗೂ ಕಾಯುತ್ತಾ ನಿಂತಿರಬೇಕು. “ಇದು ಕೋತಿ ಆಟ ಕಣ್ಲಾ” ಅಂದು ದೊಡ್ಡಪ್ಪ ಎದ್ದು ಹೋಗಲು ನೋಡಿದರು.

ಆದರೆ ಹೋಗಲಿಲ್ಲ. ಎರಡನೇ ಸುತ್ತಿನ ಹೊತ್ತಿಗೆ ಮತ್ತೆ ಕೂತರು. ಸ್ವಲ್ಪ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡತೊಡಗಿದರು. ಆಮೇಲೆ ನನಗೆ ಹೇಳಿದ್ದು ಇಷ್ಟೇ. “ಅವನ ಕೈ ನೋಡ್ಬೇಡ. ಸೊಂಟದಿಂದ ಕೆಳಕ್ಕೆ ನೋಡು.”

ನಾನು ಬಾಕ್ಸಿಂಗ್ ನೋಡುವುದನ್ನು ಕಲಿತದ್ದು ಅವತ್ತು.

ಬಾಕ್ಸಿಂಗ್ ಕಲಿಸುವವರು ಮೊದಲ ದಿನವೇ ಹೇಳುವ ನಾಲ್ಕು ಮಾತಿವೆ. ಕೈ ಮೇಲಿಡು. ಗಲ್ಲ ಒಳಗಿಡು. ಕಾಲಿಗೆ ಕಾಲು ಅಡ್ಡ ಹಾಕಬೇಡ. ಹೊಡೆಯುವಾಗ ನೆಲ ಬಿಡಬೇಡ. ನಾಜ್ ಈ ನಾಲ್ಕನ್ನೂ ಮುರಿದ. ಸುಮ್ನೆ ಶೋಕಿಗೆ ಮುರಿದದ್ದಲ್ಲ. ಕೈ ಕೆಳಗಿದ್ದರೆ ಏಟು ಎಲ್ಲಿಂದ ಬರುತ್ತೆ ಅನ್ನೋದು ಎದುರಿನವನ ಕಣ್ಣಿಗೆ ಸಿಗುವುದಿಲ್ಲ. ಚಾಚಿದ ಗಲ್ಲ ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಇಷ್ಟು ಹತ್ತಿರ ಇದೆಯಲ್ಲ, ಹೊಡೆದೇಬಿಡೋಣ ಅಂತ ಅವನು ಕೈ ಬೀಸುತ್ತಾನೆ. ನಾಜ್ ಸೊಂಟದಿಂದ ಹಿಂದಕ್ಕೆ ಬಾಗುತ್ತಾನೆ. ಗ್ಲೌಸು ಗಲ್ಲದಿಂದ ಒಂದಿಂಚು ದೂರದಲ್ಲಿ ಹಾದುಹೋಗುತ್ತದೆ. ಬೀಸಿದವನ ಭಾರವೆಲ್ಲ ಮುಂದಕ್ಕೆ ಬಂದುಬಿಟ್ಟಿರುತ್ತದೆ, ಹಿಂದೆ ಹೋಗಲು ಸಮಯವಿಲ್ಲ. ಆ ಅರೆ ಗಳಿಗೆಯಲ್ಲಿ ಕೆಳಗಿಂದ ಎಡಗೈ ಏಳುತ್ತದೆ.

ಅದರಲ್ಲಿ ಭುಜಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದ್ದದ್ದು ಕಾಲು ಮತ್ತು ಸೊಂಟ. ನಾಜ್ ಆಡುತ್ತಿದ್ದ ಫೆದರ್‌ವೇಟ್ ವರ್ಗ ಅಂದರೆ 57 ಕಿಲೋ. ಆ ತೂಕದವರ ಏಟಿಗೆ ಆಳು ಒಂದೇ ಸಲಕ್ಕೆ ಮಲಗುವುದು ಅಪರೂಪ. ನಾಜ್ ಆಡಿದ 37 ಪಂದ್ಯದಲ್ಲಿ 36 ಗೆದ್ದ. ಅದರಲ್ಲಿ 31 ಅವಧಿಗೆ ಮುಂಚೆಯೇ ಮುಗಿದವು.

ಇದು ಹುಟ್ಟಿನಿಂದ ಬಂದದ್ದು ಅಂತ ನಾನು ಬಹಳ ವರ್ಷ ನಂಬಿದ್ದೆ. ಪಂದ್ಯದ ಮೊದಲು ಅವನೂ ಹಾಗೇ ಆಡುತ್ತಿದ್ದ, ತನ್ನಂಥವನು ಇನ್ನೊಬ್ಬ ಇಲ್ಲ ಅನ್ನೋ ಹಾಗೆ. ಆಮೇಲೆ ಅವನ ಗುರುವಿನ ಬಗ್ಗೆ ಓದಿದೆ. ಬ್ರೆಂಡನ್ ಇಂಗಲ್. ಐರ್ಲೆಂಡಿನ ಡಬ್ಲಿನ್ನಿನವರು, ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು ನೆಲೆ ನಿಂತವರು. ಶೆಫೀಲ್ಡ್ ಉಕ್ಕಿನ ಊರು. ಅಲ್ಲಿನ ವಿಂಕೊಬ್ಯಾಂಕ್ ಎಂಬ ಬಡಾವಣೆಯಲ್ಲಿ, ಚರ್ಚಿಗೆ ಸೇರಿದ ಹಳೇ ಹಾಲಿನಲ್ಲಿ ಅವರ ಜಿಮ್. ಒಂದು ದಿನ ಬಸ್ಸಿನಲ್ಲಿ ಹೋಗುವಾಗ ಶಾಲೆ ಅಂಗಳದಲ್ಲಿ ಒಬ್ಬ ಪುಟ್ಟ ಹುಡುಗ ತನಗಿಂತ ದೊಡ್ಡ ಹುಡುಗರ ಜೊತೆ ಬಡಿದಾಡುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತಂತೆ. ಅವನ ಅಪ್ಪ ಅಮ್ಮ ಯೆಮನ್‌ನಿಂದ ಬಂದವರು, ಅಲ್ಲೇ ಒಂದು ಚಿಕ್ಕ ಅಂಗಡಿ ಇಟ್ಟಿದ್ದರು. ಏಳು ವರ್ಷದ ನಸೀಮ್ ಇಂಗಲ್ ಹತ್ತಿರ ಬಂದದ್ದು ಹಾಗೆ.

ಆ ಜಿಮ್ಮಿನ ನೆಲದ ತುಂಬ ಗೆರೆ. ಬಣ್ಣದಲ್ಲಿ ಎಳೆದ ಉದ್ದುದ್ದ ಗೆರೆಗಳು. ಮಕ್ಕಳು ಆ ಗೆರೆಗಳ ಆಚೆ ಈಚೆ ಕಾಲು ಬದಲಿಸುತ್ತಾ ನಡೆಯಬೇಕು. ಒಮ್ಮೆ ಎಡಗಾಲು ಮುಂದು, ಒಮ್ಮೆ ಬಲಗಾಲು ಮುಂದು. ದಿನಾ, ಗಂಟೆಗಟ್ಟಲೆ. ಕೈಗೆ ಗ್ಲೌಸು ಹಾಕಿದ ಮೇಲೂ ತಲೆಗೆ ಹೊಡೆಯುವ ಹಾಗಿಲ್ಲ, ಮೈಗೆ ಮಾತ್ರ. ಪುಟ್ಟ ಹುಡುಗರು ದೊಡ್ಡ ದೊಡ್ಡ ಬಾಕ್ಸರ್‌ಗಳ ಜೊತೆ ಹಾಗೆ ಆಡುತ್ತಾ ಬೆಳೆಯುತ್ತಿದ್ದರು. ನಾಜ್‌ಗಿಂತ ಮುಂಚೆಯೇ ಹೆರೋಲ್ ಗ್ರಹಾಂ ಅನ್ನುವ ಬಾಕ್ಸರ್ ಇದೇ ಜಿಮ್ಮಿನಿಂದ ಬಂದಿದ್ದ. ಅವನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬನ್ನಿ ಹೊಡೀರಿ ನೋಡೋಣ ಅಂತ ಜನರನ್ನು ಕರೆಯುತ್ತಿದ್ದನಂತೆ. ಯಾರ ಏಟೂ ತಾಗುತ್ತಿರಲಿಲ್ಲವಂತೆ.

ಅಂದರೆ ಜಗತ್ತು ಹುಚ್ಚಾಟ ಅಂದುಕೊಂಡದ್ದರ ಹಿಂದೆ ಒಂದು ಗರಡಿ ಇತ್ತು. ಅಡಿಪಾಠ ಇತ್ತು. ಸಾವಿರ ಸಲ ತುಳಿದ ಗೆರೆ ಇತ್ತು. ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದಾಗ ಅವರ ಮುಖ ಅರಳಿತು. “ಹಂಗನ್ನು ಮತ್ತೆ. ಮೇಷ್ಟ್ರು ಇದ್ದಾರೆ” ಅಂದರು. ಆ ಹೊತ್ತಿನಿಂದ ಅವರಿಗೆ ನಾಜ್ ಮೇಲೆ ಅಲ್ಲದಿದ್ದರೂ ಇಂಗಲ್ ಮೇಲೆ ಗೌರವ ಬಂತು.

ಆದರೂ ಒಂದು ಪಂದ್ಯ ನನಗೆ ಇಂದಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ. 1995ರ ಸೆಪ್ಟೆಂಬರ್ 30, ವೇಲ್ಸ್‌ನ ಕಾರ್ಡಿಫ್. ಎದುರಿಗೆ ಅದೇ ಊರಿನ ಸ್ಟೀವ್ ರಾಬಿನ್ಸನ್, ಡಬ್ಲ್ಯುಬಿಒ (ವರ್ಲ್ಡ್ ಬಾಕ್ಸಿಂಗ್ ಆರ್ಗನೈಸೇಶನ್) ಫೆದರ್‌ವೇಟ್ ಚಾಂಪಿಯನ್. ರಾಬಿನ್ಸನ್ ಕಥೆ ಕೇಳಿದರೆ ಯಾರಿಗೂ ಪ್ರೀತಿ ಬರುತ್ತೆ. 1993ರಲ್ಲಿ ಎರಡು ದಿನ ಮುಂಚೆ ಕರೆ ಬಂದು, ಬೇರೊಬ್ಬನ ಜಾಗದಲ್ಲಿ ಹೋಗಿ ಆಡಿ, ಪಟ್ಟ ಗೆದ್ದುಕೊಂಡು ಬಂದವನು. ಸದ್ದು ಮಾಡದೆ ಕೆಲಸ ಮಾಡುವ ಆಳು. ಅವತ್ತು ಮಳೆ. ಬಯಲಿನಲ್ಲಿ ರಿಂಗು. ಸಾವಿರಾರು ಜನ ನಾಜ್‌ನನ್ನು ಹೀಯಾಳಿಸುತ್ತಿದ್ದರು. 21 ವರ್ಷದ ಅವನು ಅದೆಲ್ಲವನ್ನೂ ನಗುನಗುತ್ತಾ ಮೈಮೇಲೆ ಹಾಕಿಕೊಂಡ. ಆಟ ಮಾತ್ರ ಅದ್ಭುತ. ರಾಬಿನ್ಸನ್‌ಗೆ ಅವನನ್ನು ಮುಟ್ಟಲೇ ಆಗಲಿಲ್ಲ. ಎಂಟನೇ ಸುತ್ತಿನಲ್ಲಿ ರೆಫರಿ ನಿಲ್ಲಿಸಿದರು.

ಆದರೆ ನಾಜ್ ಬರೀ ಗೆಲ್ಲಲಿಲ್ಲ. ರಾಬಿನ್ಸನ್ ಊರಿನಲ್ಲೇ, ಅವನ ಜನರ ಎದುರಲ್ಲೇ, ಅವನ ಮುಂದೆ ಕುಣಿದ, ಅಣಕಿಸಿದ. ರಾಬಿನ್ಸನ್ ಗ್ಲೌಸಿನ ಹಿಂದೆ ಮುಖ ಇಟ್ಟುಕೊಂಡು, ಹಿಂದೆ ಸರಿಯದೆ, ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದ. ಆ ಮುಖ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಅಷ್ಟು ಒಳ್ಳೆಯ ವಿದ್ಯೆ ಕೈಲಿರುವವನಿಗೆ ಅದರ ಅಗತ್ಯ ಇರಲಿಲ್ಲ, ಅಲ್ವಾ?

ನಮ್ಮಲ್ಲಿ ಪೊಗರು ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ದಸರಾ ಕುಸ್ತಿಗೆ ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋಗಿ ನೋಡಿ. ಪೈಲ್ವಾನ್ ಮಟ್ಟಿಗೆ ಇಳಿಯುತ್ತಲೇ ಕುಪ್ಪಳಿಸುತ್ತಾನೆ, ಒಂದು ಸುತ್ತು ಓಡುತ್ತಾನೆ, ತೊಡೆ ತಟ್ಟುತ್ತಾನೆ. ತಮಟೆ ಏರುತ್ತದೆ. ಸಿಳ್ಳೆ ಬೀಳುತ್ತದೆ. ತೊಡೆ ತಟ್ಟುವುದು ಎಂದರೆ ಏನು? ಬಾ, ನಿನಗಿಂತ ನಾನು ಹೆಚ್ಚು ಅನ್ನುವುದು ತಾನೇ? ಭೀಮ, ದುರ್ಯೋಧನರ ಕಾಲದಿಂದ ನಾವು ಅದನ್ನು ಕೊಂಡಾಡಿಕೊಂಡೇ ಬಂದಿದ್ದೇವೆ. ಹಾಗಿರುವಾಗ ಶೆಫೀಲ್ಡಿನ ಹುಡುಗ ಪಲ್ಟಿ ಹೊಡೆದರೆ ತಪ್ಪೇನು?

ಇದನ್ನೇ ಒಮ್ಮೆ ದೊಡ್ಡಪ್ಪನಿಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹಳೇ ಕಥೆ ಹೇಳಿದರು.

ಅವರಿಗೆ ಆಗ ಇಪ್ಪತ್ತೆರಡು. ಟಿ. ನರಸೀಪುರದ ಕಡೆ ಒಂದು ಹಬ್ಬದ ಕುಸ್ತಿ. ಪಾಂಡವಪುರ ಕಡೆಯ ಒಬ್ಬ ಪೈಲ್ವಾನನ ಜೊತೆ ಜೋಡಿ ಕಟ್ಟಿದ್ದರು. ದೊಡ್ಡಪ್ಪ ತೊಡೆ ತಟ್ಟಿ, ಬಾಯಿಗೆ ಬಂದದ್ದು ಅಂದು, ಹತ್ತು ನಿಮಿಷದೊಳಗೆ ಅವನನ್ನು ಚಿತ್ ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ಬಿದ್ದವನು ಏಳುವ ಮೊದಲೇ ಅವನ ಸುತ್ತ ಕುಣಿದರು. ಜನ ಹೆಗಲ ಮೇಲೆ ಹೊತ್ತುಕೊಂಡು ಹೋದರು. ಸಂಜೆ ಉಸ್ತಾದರು ಕರೆದು ಕೈಗೆ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟರು. “ಆ ಹುಡುಗ ಇಳ್ಕೊಂಡಿರೋ ಜಾಗಕ್ಕೆ ಹೋಗಿ ಇದನ್ನ ಕೊಟ್ಟು ಬಾ. ಅವನ ಪಕ್ಕ ಕೂತು ಊಟ ಮಾಡಿ ಬಾ” ಅಂದರು. ದೊಡ್ಡಪ್ಪ ಹೋದರು. ಕತ್ತಲಲ್ಲಿ ಎರಡು ಮೈಲಿ ನಡೆದು ಹೋದರು. ಅವನು ಎಲೆ ಅಡಿಕೆ ತಗೊಂಡ, ಮಾತಾಡಲಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು ಮುದ್ದೆ ಉಂಡರು. ಆಮೇಲೆ ಎಷ್ಟೋ ವರ್ಷ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿದ್ದಾರೆ.

“ತೊಡೆ ಮಟ್ಟಿ ಒಳಗೆ ತಟ್ಟಬೇಕು. ಮೈ ತೊಳ್ಕೊಂಡು ಆಚೆ ಬಂದ್ಮೇಲೆ ಅದು ಇರಬಾರದು” ಅಂದರು ದೊಡ್ಡಪ್ಪ. ನಾಜ್‌ಗೆ ಎಲೆ ಅಡಿಕೆ ಕೊಟ್ಟು ಕಳಿಸೋರು ಯಾರೂ ಇರಲಿಲ್ವಾ ಅಂತ ಕೇಳಿದರು.

ಇದ್ದರು. ಇಂಗಲ್ ಇದ್ದರು. ಆದರೆ 1998ರ ಕೊನೆಯ ಹೊತ್ತಿಗೆ ಇಬ್ಬರೂ ಬೇರೆಯಾದರು. ದುಡ್ಡಿನ ವಿಚಾರ, ಮಾತಿಗೆ ಮಾತು, ಬೇಸರ. ಏಳು ವರ್ಷದ ಮಗುವಾಗಿದ್ದಾಗಿನಿಂದ ಗೆರೆ ಮೇಲೆ ನಡೆಸಿದವರನ್ನು ಬಿಟ್ಟು ನಾಜ್ ಮುಂದೆ ಹೋದ. ಯಾರದು ಎಷ್ಟು ತಪ್ಪು ಅಂತ ತೂಗಲು ನಾನು ಯಾರು? ಗುರು ತೆಗೆದುಕೊಳ್ಳುವ ಪಾಲಿನ ಬಗ್ಗೆ ಶಿಷ್ಯನಿಗೂ ನ್ಯಾಯವಾದ ದೂರು ಇರಬಹುದು. ಆದರೆ ಅವನ ಕಾಲು ನೋಡಿದರೆ ನಷ್ಟ ಎಲ್ಲಿ ಆಯಿತು ಅನ್ನೋದು ಗೊತ್ತಾಗುತ್ತದೆ. ಆಮೇಲಿನ ಪಂದ್ಯಗಳಲ್ಲಿ ಹೆಜ್ಜೆ ಕಡಿಮೆಯಾಯಿತು, ಒಂದೇ ಏಟಿಗೆ ಮುಗಿಸುವ ಆಸೆ ಜಾಸ್ತಿಯಾಯಿತು. 1999ರಲ್ಲಿ ಡೆಟ್ರಾಯಿಟ್‌ನಲ್ಲಿ ಸೀಸರ್ ಸೊಟೊ ಜೊತೆ ಆಡುವಾಗ ಅವನನ್ನು ಎತ್ತಿ ನೆಲಕ್ಕೇ ಹಾಕಿದ. ಅದು ಬಾಕ್ಸಿಂಗ್ ಅಲ್ಲ, ನಮ್ಮ ಮಟ್ಟಿಯ ಕೆಲಸ. ಗೆದ್ದ, ಆದರೆ ನೋಡಲು ಚೆನ್ನಾಗಿರಲಿಲ್ಲ.

ಅದಕ್ಕೆ ಹೋಲಿಸಿದರೆ 1997ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೆವಿನ್ ಕೆಲ್ಲಿ ಜೊತೆ ಆಡಿದ ಪಂದ್ಯ ನನಗೆ ಇನ್ನೂ ಇಷ್ಟ. ಅಮೆರಿಕದಲ್ಲಿ ಅವನ ಮೊದಲ ಪಂದ್ಯ ಅದು. ಮೊದಲ ಸುತ್ತಿನಲ್ಲೇ ನಾಜ್ ನೆಲಕ್ಕೆ ಬಿದ್ದ. ನಾಲ್ಕು ಸುತ್ತಿನೊಳಗೆ ಇಬ್ಬರೂ ಮೂರು ಮೂರು ಸಲ ಬಿದ್ದೆದ್ದರು. ಕೊನೆಗೆ ಕೆಲ್ಲಿ ಏಳಲಿಲ್ಲ. ಕೈ ಇಳಿಬಿಡುವುದಕ್ಕೆ ಏನು ಬೆಲೆ ಅನ್ನೋದು ಅವತ್ತು ಎಲ್ಲರಿಗೂ ಕಂಡಿತು. ನಾಜ್ ಆ ಬೆಲೆಯನ್ನು ತನ್ನ ಗಲ್ಲದಿಂದಲೇ ಕೊಟ್ಟ, ಕೊಟ್ಟು ಗೆದ್ದ. ಮೈಕಿನ ಮುಂದೆ ಎಂದಿನಂತೆ ಮೊದಲು ಅಲ್ಲಾಹುವನ್ನು ನೆನೆದ. ದೊಡ್ಡಪ್ಪ ಅದನ್ನು ಕಂಡು ತಲೆದೂಗಿದ್ದು ನೆನಪಿದೆ.

2001ರ ಏಪ್ರಿಲ್ 7ರಂದು ಲಾಸ್ ವೇಗಸ್‌ನಲ್ಲಿ ಮೆಕ್ಸಿಕೋದ ಮಾರ್ಕೋ ಆಂಟೋನಿಯೋ ಬಾರೆರಾ ಅವನ ಲೆಕ್ಕ ಬಿಡಿಸಿಬಿಟ್ಟ. ಬಾರೆರಾ ಎಂದರೆ ಮುನ್ನುಗ್ಗಿ ಹೊಡೆದಾಡುವವನು ಅಂತ ಎಲ್ಲರೂ ತಿಳಿದಿದ್ದರು. ಅವತ್ತು ಅವನು ಗಾಳಕ್ಕೆ ಬಾಯೇ ಹಾಕಲಿಲ್ಲ. ಚಾಚಿದ ಗಲ್ಲ ನೋಡಿಯೂ ದುಡುಕಲಿಲ್ಲ. ನಾಜ್‌ನ ಎಡಗೈಯಿಂದ ದೂರ ದೂರ ಸರಿಯುತ್ತಾ, ಕಾದು, ತಾಳ್ಮೆಯಿಂದ ಹೊಡೆದ. 12 ಸುತ್ತು. ಮೂವರು ತೀರ್ಪುಗಾರರೂ ಬಾರೆರಾ ಪರ. ಕೊನೆಯ ಸುತ್ತಿನಲ್ಲಿ ಬಾರೆರಾ ಅವನ ತಲೆ ಹಿಡಿದು ಮೂಲೆಯ ಮೆತ್ತೆಗೆ ಗುದ್ದಿಸಿದ. ಅದಕ್ಕೆ ಒಂದು ಅಂಕ ಕಳೆದುಕೊಂಡ. ಬಹಳ ಜನ ಅದನ್ನು ನೋಡಿ ಚಪ್ಪಾಳೆ ಹೊಡೆದರು, ಜಂಭ ಇಳೀತು ಅಂದರು. ನನಗೆ ಹೊಟ್ಟೆ ಕಿವುಚಿತು. ರಾಬಿನ್ಸನ್‌ಗೆ ಆದ ಅವಮಾನ ಬೇಡವಾಗಿತ್ತು ಅನ್ನುವವನಿಗೆ ಇದು ಹೇಗೆ ಸರಿ ಅನ್ನಿಸುತ್ತೆ?

ಅದಾದ ಮೇಲೆ ಒಂದೇ ಪಂದ್ಯ, 2002ರಲ್ಲಿ. ಅಷ್ಟೇ. 28 ವರ್ಷಕ್ಕೆ ಎಲ್ಲ ಮುಗಿದಿತ್ತು.

ಇಲ್ಲಿಯವರೆಗಿನದು ನನಗೆ ಕಷ್ಟವಲ್ಲ. ಮೆಚ್ಚುತ್ತೇನೆ, ಬೈಯುತ್ತೇನೆ, ಮತ್ತೆ ಮೆಚ್ಚುತ್ತೇನೆ. ಕಷ್ಟ ಇರುವುದು ಮುಂದಿನದರಲ್ಲಿ.

2005ರ ಮೇ ತಿಂಗಳಲ್ಲಿ ಶೆಫೀಲ್ಡಿನ ರಸ್ತೆಯೊಂದರಲ್ಲಿ ನಾಜ್ ತನ್ನ ಮೆಕ್ಲಾರೆನ್ ಮರ್ಸಿಡಿಸ್ ಕಾರನ್ನು ಗಂಟೆಗೆ 90 ಮೈಲಿ ವೇಗದಲ್ಲಿ ಓಡಿಸಿ, ದಾಟಬಾರದ ಬಿಳಿ ಗೆರೆ ದಾಟಿ, ಎದುರಿನಿಂದ ಬರುತ್ತಿದ್ದ ಕಾರಿಗೆ ಗುದ್ದಿದ. ಆ ಕಾರಿನಲ್ಲಿದ್ದ ಮನುಷ್ಯನ ಮೈಯ ದೊಡ್ಡ ಮೂಳೆಗಳೆಲ್ಲ ಮುರಿದವು. 2006ರಲ್ಲಿ ಕೋರ್ಟು ನಾಜ್‌ಗೆ 15 ತಿಂಗಳ ಶಿಕ್ಷೆ ಕೊಟ್ಟಿತು. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಬಿಡುಗಡೆಯಾಗಿ ಬಂದ. ಬ್ರಿಟನ್ನಿನ ಎಂಬಿಇ ಗೌರವ ಅವನಿಗೆ ಸಿಕ್ಕಿತ್ತು, ಅದನ್ನು ವಾಪಸ್ ತೆಗೆದುಕೊಂಡರು.

ಈ ಸುದ್ದಿ ಓದಿದಾಗ ನಮ್ಮ ಮನೆಯಲ್ಲಿ ಬೇರೆಯದೇ ಒಂದು ನೋವಿತ್ತು. ಅದಕ್ಕೆ ಒಂದು ವರ್ಷ ಮುಂಚೆ ದೊಡ್ಡಪ್ಪನ ಮಗ, ನನ್ನ ಅಣ್ಣ, ಶ್ರೀರಂಗಪಟ್ಟಣದ ಹತ್ತಿರ ಬೈಕಿನಲ್ಲಿ ಬರುತ್ತಿದ್ದ. ತನ್ನ ಮುಂದಿನ ಗಾಡಿಯನ್ನು ದಾಟಲು ಹೋಗಿ ಎದುರಿನಿಂದ ಬಂದ ಕಾರೊಂದು ಅವನನ್ನು ಹೊಡೆದುಹಾಕಿತು. ಯಾರೋ ಶ್ರೀಮಂತರ ಮನೆ ಹುಡುಗ. ಅಣ್ಣನ ಬಲಗಾಲು ಎರಡು ಕಡೆ ಮುರಿಯಿತು. ಅವನೂ ಗರಡಿ ಹುಡುಗ, ದಸರಾ ಕುಸ್ತಿಗೆ ತಯಾರಿ ಮಾಡುತ್ತಿದ್ದ. ಮತ್ತೆ ಮಟ್ಟಿಗೆ ಇಳಿಯಲಿಲ್ಲ. ದೊಡ್ಡಪ್ಪ ಆರು ತಿಂಗಳು ಆಸ್ಪತ್ರೆ, ಮನೆ ಅಂತ ಓಡಾಡಿದರು. ಕಾರಿನವರು ಒಂದು ದಿನವೂ ಬಂದು ನೋಡಲಿಲ್ಲ.

ನಾನು ಪೇಪರ್ ಹಿಡಿದು ನಾಜ್ ಸುದ್ದಿ ಹೇಳಿದೆ. ದೊಡ್ಡಪ್ಪ ಏನೂ ಅನ್ನಲಿಲ್ಲ. ಒಳಗೆ ಹೋಗಿ ಅಣ್ಣನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತರು.

ಅವತ್ತಿನಿಂದ ನನ್ನೊಳಗೆ ಒಂದು ಮಾತು ಸುತ್ತುತ್ತಲೇ ಇದೆ. ರಿಂಗಿನಲ್ಲಿ ಕೈ ಇಳಿಬಿಟ್ಟು ನಿಂತಾಗ ನಾಜ್ ಪಣಕ್ಕಿಟ್ಟದ್ದು ತನ್ನ ಗಲ್ಲವನ್ನು. ತಪ್ಪಿದರೆ ಬೀಳುವವನು ಅವನೇ. ಎದುರಿನವನೂ ಗೊತ್ತಿದ್ದೇ, ತಯಾರಾಗಿಯೇ ಬಂದವನು. ಹೊಸತು ಹುಟ್ಟುವುದು ಇಂಥ ಧೈರ್ಯದಿಂದಲೇ ಅಂತ ನಾನು ನಂಬುತ್ತೇನೆ. ಯಾರೋ ಒಬ್ಬ ಕಟ್ಟಳೆ ಮುರಿದು ತನ್ನ ಮೈಯನ್ನು ಒಡ್ಡದಿದ್ದರೆ ಯಾವ ವಿದ್ಯೆಯೂ ಬೆಳೆಯುವುದಿಲ್ಲ. ಆದರೆ ಆ ರಸ್ತೆಯಲ್ಲಿ ಅವನು ಪಣಕ್ಕಿಟ್ಟದ್ದು ಇನ್ನೊಬ್ಬನ ಮೂಳೆಗಳನ್ನು. ಆ ಮನುಷ್ಯ ಯಾವ ಜೋಡಿಗೂ ಒಪ್ಪಿರಲಿಲ್ಲ. ಮನೆಯಿಂದ ಹೊರಟಿದ್ದ, ಅಷ್ಟೇ.

ಎರಡೂ ಒಂದೇ ಪೊಗರಾ, ಬೇರೆ ಬೇರೆಯಾ? ಒಮ್ಮೊಮ್ಮೆ ಒಂದೇ ಅನ್ನಿಸುತ್ತದೆ. ರಾಬಿನ್ಸನ್ ಮುಂದೆ ಕುಣಿದವನೇ ಆ ಬಿಳಿ ಗೆರೆಯನ್ನೂ ದಾಟಿದ ಅನ್ನಿಸುತ್ತದೆ. ಗೆರೆ ಮೇಲೆ ನಡೆಯುವುದನ್ನು ಕಲಿತೇ ದೊಡ್ಡವನಾದವನು ಅಲ್ವಾ ಅವನು? ಅದನ್ನು ನೆನೆದರೆ ಸಂಕಟವಾಗುತ್ತದೆ.

2015ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡಿತು. ಸರಿಯೇ, ಆಟಕ್ಕೆ ಅದು ಸಲ್ಲಬೇಕಾದದ್ದೇ. 2018ರ ಮೇ ತಿಂಗಳಲ್ಲಿ ಇಂಗಲ್ ತೀರಿಕೊಂಡರು. ಹಳೆಯ ಸಂಬಂಧ ಮತ್ತೆ ಕೂಡಿಬಂದಿರಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ದೊಡ್ಡಪ್ಪ ಹೋಗಿದ್ದರು. ಅವರು ಇದ್ದಿದ್ದರೆ ಇಂಗಲ್ ಸುದ್ದಿ ಕೇಳಿ ಗರಡಿಯಲ್ಲಿ ಒಂದು ದೀಪ ಹಚ್ಚಿಸುತ್ತಿದ್ದರು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಣ್ಣನ ಮಗ ಈಗ ಅದೇ ಗರಡಿಗೆ ಹೋಗುತ್ತಾನೆ. ಹದಿಮೂರು ವರ್ಷ. ಮೈ ತುಂಬ ಚುರುಕು, ಬಾಯೂ ಜೋರು. ಹೋದ ತಿಂಗಳು ಜಗಲಿ ಮೇಲೆ ಕೂತು ಅವನಿಗೆ ಫೋನಿನಲ್ಲಿ ಕಾರ್ಡಿಫ್ ಪಂದ್ಯ ತೋರಿಸಿದೆ. ಕೈ ನೋಡ್ಬೇಡ, ಸೊಂಟದಿಂದ ಕೆಳಕ್ಕೆ ನೋಡು ಅಂದೆ. ಅಲ್ಲಲ್ಲಿ ನಿಲ್ಲಿಸಿ, ಭಾರ ಹೇಗೆ ಹಿಂಗಾಲಿಗೆ ಹೋಗುತ್ತೆ ಅಂತ ತೋರಿಸಿದೆ. ರಾಬಿನ್ಸನ್ ಮುಂದೆ ಕುಣಿಯುವ ಜಾಗ ಬಂದಾಗ ನನ್ನ ಬೆರಳು ಮುಂದಕ್ಕೆ ಓಡಿಸಲು ಹೋಯಿತು. ತಡೆದುಕೊಂಡೆ. ಅವನು ಅದನ್ನೂ ನೋಡಿದ.

“ಆಮೇಲೆ ಏನಾದ ಚಿಕ್ಕಪ್ಪ ಇವ್ನು?”

ಬಾರೆರಾ ಬಗ್ಗೆ ಹೇಳಿದೆ. ಇಂಗಲ್ ಬಗ್ಗೆ ಹೇಳಿದೆ. ಕಾರಿನ ವಿಷಯವನ್ನೂ ಹೇಳಿದೆ. ಹುಡುಗ ತಿರುಗಿ ಮನೆಯೊಳಗೆ ನೋಡಿದ. ಅಣ್ಣ ಕುರ್ಚಿಯಲ್ಲಿ ಕೂತು, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ನ್ಯೂಸ್ ನೋಡುತ್ತಿದ್ದ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

“ಆ ಪಲ್ಟಿ ಇನ್ನೊಂದ್ಸಲ ಹಾಕು ಚಿಕ್ಕಪ್ಪ” ಅಂದ.

ಹಾಕಿದೆ.